ಪುಕ್ಕಟೆ ಮನೆಯ ಕೀಲಿಕೈ

ಚಿತ್ತವಾಡ್ಗಿ

ನಮ್ಮವ್ವ ಹುಲಿಗೆಮ್ಮನಿಗೆ ಪರದೇಶವೆಂದರೆ ಒಂದು ಗಿಡ, ಅಷ್ಟೆ. ಲಂಡನ್ನು, ಸಿಂಗಪುರ, ದುಬೈ ಯಾವುದೂ ಅವಳಿಗೆ ಬೇಕಿರಲಿಲ್ಲ. ಶ್ರೀಲಂಕಾದ ಅನುರಾಧಪುರದಲ್ಲಿ ಒಂದು ಅರಳಿಮರವಿದೆ, ಬುದ್ಧ ಕೂತ ಮರದ ಕೊಂಬೆಯನ್ನು ಸಾಮ್ರಾಟನ ಮಗಳೊಬ್ಬಳು ಹಡಗಿನಲ್ಲಿ ಒಯ್ದು ಬೆಳೆಸಿದ್ದು ಎಂದು ನಮ್ಮ ಓಣಿಯ ಬುದ್ಧ ವಿಹಾರದಲ್ಲಿ ಭಂತೇಜಿಯೊಬ್ಬರು ಯಾವಾಗಲೋ ಹೇಳಿದ್ದರು. ಅದನ್ನು ಅವ್ವ ಇಪ್ಪತ್ತು ವರ್ಷ ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ಇದ್ದಳು.

"ಗಯಾ ನೋಡೀಯಲ್ಲವ್ವ, ಅದೂ ಅದ ಗಿಡ ಅಲ್ಲೇನು?" ಎಂದರೆ ಒಪ್ಪುತ್ತಿರಲಿಲ್ಲ.

"ತವರುಮನ್ಯಾಗಿನ ಗಿಡ ಒಣಗಿ ಹೋಗಿತ್ತಂತ. ಮಗಳು ಒಯ್ದಿದ್ದು ಉಳೀತಂತ. ನಂಗ ಅದನ್ನ ನೋಡಬೇಕು."

ಅವ್ವ ಮೆಟ್ರಿಯವಳು. ಕಂಪ್ಲಿ ಕಡೆಯ ಗದ್ದೆಗಳಲ್ಲಿ ನಾಟಿ ಮಾಡಿಯೇ ಸೊಂಟ ಬಾಗಿಸಿಕೊಂಡವಳು. ಮದುವೆಯಾಗಿ ಹೊಸಪೇಟೆಯ ಚಿತ್ತವಾಡ್ಗಿಗೆ ಬಂದಳು. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡಾಗ ಅವಳೂ ತೆಗೆದುಕೊಂಡಳು. ಹೆಸರು ಮಾತ್ರ ದೇವಿಯದು, ಹುಲಿಗೆಮ್ಮನೇ ಉಳಿಯಿತು. ನನಗೆ ಸುಜಾತ ಎಂದು ಹೆಸರಿಟ್ಟು ಅಪ್ಪ ಆ ಲೆಕ್ಕ ಸರಿಮಾಡಿದ. ಈಗ ಅಪ್ಪನಿಲ್ಲ. ನಾನು ಸಂಡೂರಿನ ಹತ್ತಿರದ ಗಣಿಯೊಂದರಲ್ಲಿ ಅದಿರಿನ ಲಾರಿ ತೂಗುವ ಕೆಲಸದಲ್ಲಿದ್ದೇನೆ. ತುಂಬಿದ ಲಾರಿ ಎಷ್ಟು, ಖಾಲಿ ಲಾರಿ ಎಷ್ಟು ಎಂದು ದಿನವಿಡೀ ನೋಡುವವಳಿಗೆ ತನ್ನ ಸಂಬಳದ ತೂಕ ಗೊತ್ತಿರದೆ ಇರುತ್ತದೆಯೇ? ವಿಮಾನದ ಟಿಕೇಟಿಗೆ ಹೇಗೋ ಹೊಂದಿಸಬಹುದಿತ್ತು. ಅಲ್ಲಿ ಹೋಗಿ ಉಳಿಯುವುದೆಲ್ಲಿ ಎನ್ನುವಲ್ಲಿಗೆ ಪ್ರತಿಸಲವೂ ಮಾತು ನಿಲ್ಲುತ್ತಿತ್ತು.

ದಾರಿ ತೆರೆದದ್ದು ಹಂಪಿಯಲ್ಲಿ. ಅಲ್ಲಿ ನನ್ನ ಚಿಕ್ಕಪ್ಪ ಆಟೊ ಓಡಿಸುತ್ತಾನೆ. ಅವನ ಆಟೊದಲ್ಲಿ ಐದು ದಿನ ಕಲ್ಲು ನೋಡುತ್ತ ತಿರುಗಿದ ಹೆಲ್ಗಾ ಎಂಬ ಜರ್ಮನ್ ಹೆಂಗಸು ಶ್ರೀಲಂಕಾದ ಗುಡ್ಡವೊಂದರಲ್ಲಿ ಮನೆ ಮಾಡಿಕೊಂಡಿದ್ದಾಳೆಂದು ಗೊತ್ತಾಯಿತು. ಅವಳಿಗೆ ಜೂನ್‌ನಲ್ಲಿ ಇಪ್ಪತ್ತು ದಿನ ತಂಗಿಯ ಊರಿಗೆ ಹೋಗುವುದಿತ್ತು. ಮನೆಯಲ್ಲಿದ್ದು ಮುದಿ ನಾಯಿಯನ್ನು ನೋಡಿಕೊಳ್ಳುವವರು ಬೇಕಿತ್ತು. ಸಂಬಳವಿಲ್ಲ, ಬಾಡಿಗೆಯೂ ಇಲ್ಲ. ಚಿಕ್ಕಪ್ಪ ಅವಳನ್ನು ಸೀದಾ ನಮ್ಮ ಮನೆಗೆ ಕರೆತಂದ. "ನಮ್ಮ ಅತ್ತಿಗಿ ಆಕಳ, ಕೋಳಿ, ನಾಯಿ ಎಲ್ಲಾ ಸಾಕ್ಯಾಳ್ರಿ ಮೇಡಂ, ನಮ್ಮಣ್ಣನ್ನೂ ಸಾಕಿದ್ಲು" ಎಂದು ಶಿಫಾರಸು ಮಾಡಿದ. ಹೆಲ್ಗಾ ಅವ್ವನ ಕೈಯ ಎರಡು ರೊಟ್ಟಿ ತಿಂದು, ನಮ್ಮ ಓಣಿಯ ನಾಯಿಗಳು ಅವ್ವನ ಕಾಲಿಗೆ ಸುತ್ತುವುದನ್ನು ನೋಡಿ, ಆಗಲಿ ಎಂದಳು.

ಕೊಲಂಬೊ

ಖರ್ಚು ಹಿಡಿಯಬೇಕೆಂದರೆ ಹೊಟ್ಟೆಯ ಖರ್ಚನ್ನೇ ಮೊದಲು ಹಿಡಿಯಬೇಕು ಎನ್ನುವುದು ಅವ್ವನ ಸಿದ್ಧಾಂತ. ಹೀಗಾಗಿ ನಮ್ಮ ಚೀಲದಲ್ಲಿ ಬಟ್ಟೆಗಿಂತ ಹೆಚ್ಚು ಇದ್ದದ್ದು ಚೋರನೂರಿನ ದೊಡ್ಡಮ್ಮ ಕಳಿಸಿದ ಜೋಳದ ಹಿಟ್ಟು. ಅದರ ಕೆಳಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಎಲ್ಲಕ್ಕೂ ಮೇಲೆ, ಪ್ಲಾಸ್ಟಿಕ್ ಕವರಿನಲ್ಲಿ ಬೇರೆಯಾಗಿ ಮಡಚಿಟ್ಟ ಒಂದು ಬಿಳಿ ಸೀರೆ. ಬುದ್ಧ ಪೂರ್ಣಿಮೆಗೆಂದು ಉಡುವ ಸೀರೆ ಅದು. ಈ ಸಲ ಬುದ್ಧಪೂರ್ಣಿಮೆಗೂ ಅವ್ವ ಅದನ್ನು ಉಡದೆ, ಗಿಡದ ಮುಂದೆ ನಿಲ್ಲುವಾಗಲೇ ಮಡಿಕೆ ಬಿಚ್ಚಬೇಕೆಂದು ಹಟ ಹಿಡಿದಿದ್ದಳು.

ಕೊಲಂಬೊ ವಿಮಾನ ನಿಲ್ದಾಣದಲ್ಲಿ ಚೀಲ ತೆರೆಸಿದರು. ಅಧಿಕಾರಿ ಹಿಟ್ಟಿನ ಗಂಟನ್ನು ಬೆರಳಿನಿಂದ ಒತ್ತಿ ನನ್ನ ಮುಖ ನೋಡಿದ. ನಾನು ನನ್ನ ಇಂಗ್ಲಿಷನ್ನು ಹುಡುಕುತ್ತಿರುವಾಗಲೇ ಅವ್ವ ಮುಂದೆ ಬಂದಳು. ಅವನ ಮೇಜಿನ ಮೇಲೆಯೇ ಎರಡೂ ಅಂಗೈಯಿಂದ ತಪತಪ ಬಡಿದು, ಇಲ್ಲದ ರೊಟ್ಟಿಯನ್ನು ತಿರುಗಿಸಿ, ಇಲ್ಲದ ಹಂಚಿಗೆ ಹಾಕಿ, ಮುರಿದು ಬಾಯಿಗಿಟ್ಟುಕೊಂಡಳು. ಸಾಲಿನಲ್ಲಿದ್ದವರೆಲ್ಲ ನಿಂತು ನೋಡಿದರು. ಅಧಿಕಾರಿ ನಕ್ಕು ಕೈಬೀಸಿ ಹೋಗಿ ಎಂದ. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

"ಯಾಕ ನಾಚಿಕಿ? ಕದ್ದು ತಂದೀವೇನು?" ಎಂದಳು ಅವ್ವ.

ಅಲ್ಲಿಂದ ಮಾತಲೆ ಎಂಬ ಊರಿಗೆ ಬಸ್ಸು. ಚಾಲಕನ ಹಿಂದಿನ ಸೀಟು ಖಾಲಿಯಿತ್ತು. ಕಿಟಕಿ ಪಕ್ಕ ಹಾಯಾಗಿ ಕೂತೆವು. ಮೂರನೇ ನಿಲ್ದಾಣದಲ್ಲಿ ಕಾವಿ ಉಟ್ಟ ಭಿಕ್ಷುಗಳೊಬ್ಬರು ಹತ್ತಿದರು, ಬಸ್ಸಿನ ಮಂದಿಯೆಲ್ಲ ನಮ್ಮತ್ತ ನೋಡಿತು. ಆ ಸೀಟು ಭಿಕ್ಷುಗಳಿಗೆ ಮೀಸಲಂತೆ. ಅವ್ವ ದಡಬಡಿಸಿ ಎದ್ದು ಕೈಮುಗಿದಳು. ಅವರು ಮುಗುಳ್ನಕ್ಕು ಕೂತರು. ನಮ್ಮ ಊರಿನ ಬಸ್ಸಾಗಿದ್ದರೆ ಕಂಡಕ್ಟರು ನಮ್ಮ ಮೂರು ತಲೆಮಾರನ್ನು ನೆನೆಯುತ್ತಿದ್ದ. ಇಲ್ಲಿ ಹಿಂದಿನ ಸಾಲಿನ ಹೆಂಗಸೊಬ್ಬಳು ಸರಿದು, ಸೀಟನ್ನು ತಟ್ಟಿ ಅವ್ವನನ್ನು ಕೂರಿಸಿಕೊಂಡಳು.

ಬಸ್ಸಿನ ವಿಷಯ ಬಂತು, ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಕಡೆ ಪಕ್ಕ ಕೂತವರು ಮೊದಲು ಯಾವೂರು ಎನ್ನುತ್ತಾರೆ. ಆಮೇಲೆ ಯಾರ ಪೈಕಿ ಎನ್ನುತ್ತಾರೆ. ಜಾತಿ ಯಾವುದು ಎಂದು ಬಾಯಿಬಿಟ್ಟು ಕೇಳದೆ ಕೇಳುವ ರೀತಿ ಅದು. ಆ ಪ್ರಶ್ನೆ ಬಂದ ಕೂಡಲೇ ಅವ್ವನ ದನಿ ಇಳಿಯುತ್ತದೆ, ನನ್ನ ಸಿಟ್ಟು ಏರುತ್ತದೆ. ಉತ್ತರ ಕೇಳಿದವರು ಕೆಲವೊಮ್ಮೆ ಕಿಟಕಿಯ ಆಚೆ ನೋಡತೊಡಗುತ್ತಾರೆ. ಮಾತಲೆಯವರೆಗೆ ಪಕ್ಕದ ಹೆಂಗಸು ಅವ್ವನಿಗೆ ಏನೇನೋ ಕೇಳುತ್ತ ಬಂದಳು. ಒಂದಕ್ಷರ ತಿಳಿಯದೆ ಅವ್ವ ಎಲ್ಲದಕ್ಕೂ ಹ್ಞೂಂ ಎನ್ನುತ್ತಿದ್ದಳು. ನಡುವೆ ಗದ್ದೆಗಳನ್ನು ಕಂಡು ಅವಳಿಗೆ ಸಮಾಧಾನವಾಗಲಿಲ್ಲ. ಸಾಲಿಲ್ಲದೆ ಬೆಳೆದ ಪೈರನ್ನು ನೋಡಿ, "ಇವ್ರು ಬೀಜ ಚೆಲ್ಲಿ ಬಿಟ್ಟಾರಲೇ ಸುಜಿ, ನಾಟಿ ಮಾಡೋರಿಲ್ಲೇನು?" ಎಂದು ಮರುಗಿದಳು. ಇಳಿದು ಹೋಗಿ ಎರಡು ಎಕರೆ ನಾಟಿ ಮಾಡಿ ಬರುವವಳಂತೆ ಸೆರಗು ಸಿಕ್ಕಿಸಿಕೊಂಡಳು.

ಗುಡ್ಡದ ಮೇಲಿನ ಮನೆ

ಹೆಲ್ಗಾಳ ಮನೆ ಬಸ್ಸಿನ ರಸ್ತೆಯಿಂದ ಒಂದು ತಾಸು ಏರಬೇಕಾದ ದಾರಿಯ ಕೊನೆಗೆ ಇತ್ತು. ಸುತ್ತ ಮೆಣಸಿನ ಬಳ್ಳಿ, ಹಲಸು, ಕಣ್ಣು ನೋಯುವಷ್ಟು ಹಸಿರು. ಸಂಡೂರಿನ ಕೆಂಪು ಧೂಳು ನನ್ನ ಅಂಗಿಯ ಹೊಲಿಗೆಯೊಳಗೆ ಇನ್ನೂ ಇತ್ತು. ಅಲ್ಲಿ ಅದನ್ನು ಕೊಡವಲು ಮನಸ್ಸಾಗಲಿಲ್ಲ.

ಪುಕ್ಕಟೆ ಮನೆ ಎಂದರೆ ಏನೆಂದು ಎರಡು ದಿನದಲ್ಲಿ ಗೊತ್ತಾಯಿತು. ಮನೆಗೆ ಬಾಡಿಗೆಯಿಲ್ಲ, ನಿಜ. ಆದರೆ ಒಂದು ಈರುಳ್ಳಿ ಬೇಕಾದರೂ ಪೇಟೆಗೆ ಇಳಿಯಬೇಕು. ತ್ರೀವೀಲರಿನವನು, ಅಂದರೆ ನಮ್ಮ ಆಟೊದವನು, ಆ ಗುಡ್ಡ ಹತ್ತಲು ಕೇಳುವುದನ್ನು ದಿನಾ ಕೊಟ್ಟಿದ್ದರೆ ಅದೇ ದುಡ್ಡಿಗೆ ಪೇಟೆಯಲ್ಲಿ ಲಾಡ್ಜೇ ಸಿಗುತ್ತಿತ್ತು. ಹೀಗಾಗಿ ನಡೆದೆವು. ವಾರಕ್ಕೊಂದು ಸಲ ಇಳಿದು, ಹೊರುವಷ್ಟು ತಂದು, ಉಳಿದದ್ದಕ್ಕೆ ಜೋಳದ ಹಿಟ್ಟನ್ನು ನಂಬಿದೆವು. ಅಂಗಳದಲ್ಲಿ ಬಿದ್ದ ಹಲಸಿನ ಕಾಯಿ ಪಲ್ಯವಾಯಿತು. ಇಷ್ಟಾದ ಮೇಲೆ ಅವ್ವ ಸುಮ್ಮನೆ ಕೂರಲಿಲ್ಲ. ಬೆಳಿಗ್ಗೆ ಎದ್ದು ಮನೆ ಸುತ್ತ ಗುಡಿಸುವುದು, ಬಳ್ಳಿಗೆ ಮಣ್ಣು ಏರಿಸುವುದು, ಹೆಲ್ಗಾ ಹೇಳದ ಕೆಲಸವನ್ನೆಲ್ಲ ಮಾಡಿದಳು. ನಾನು ಬೈದರೆ, "ಪುಕ್ಕಟೆ ಉಂಡಿದ್ದು ಮೈಗೆ ಹತ್ತಂಗಿಲ್ಲ" ಎನ್ನುತ್ತಿದ್ದಳು.

ನಾಯಿಯ ಹೆಸರು ಸುದು. ಅಲ್ಲಿನ ಮಾತಿನಲ್ಲಿ ಬಿಳಿಯ ಎಂದರ್ಥ. ಹದಿನಾಲ್ಕು ವರ್ಷದ ಮುದುಕ, ಕಣ್ಣಿಗೆ ಪೊರೆ, ನಡೆಯಲ್ಲಿ ನಿವೃತ್ತ ಹೆಡ್‌ಮಾಸ್ತರರ ಗತ್ತು. ಅವನಿಗೆ ಆಗಾಗ ಮೂರ್ಛೆ ಬರುತ್ತಿತ್ತು. ಬೆಳಿಗ್ಗೆ ಏಳಕ್ಕೊಂದು, ಸಂಜೆ ಏಳಕ್ಕೊಂದು ಮಾತ್ರೆ. ತಪ್ಪಿದರೆ ಮೇಲಿಂದ ಮೇಲೆ ಮೂರ್ಛೆ ಬಂದು ಜೀವಕ್ಕೇ ಅಪಾಯ ಎಂದು ಹೆಲ್ಗಾ ಮೂರು ಸಲ ಹೇಳಿದ್ದಳು. ಇದನ್ನು ಹೊಸಪೇಟೆಯಲ್ಲೇ ಕೇಳಿ ಒಪ್ಪಿದ್ದೆವು. ಕೇಳದೇ ಇದ್ದದ್ದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿತ್ತು. ನಾಯಿಯನ್ನು ನಾಲ್ಕು ತಾಸಿಗಿಂತ ಹೆಚ್ಚು ಒಂಟಿಯಾಗಿ ಬಿಡುವಂತಿಲ್ಲ. ಹೆಲ್ಗಾಳ ಕಾರು ಗುಡ್ಡ ಇಳಿದ ಮೇಲೆಯೇ ನಾನು ಅದನ್ನು ಓದಿದ್ದು.

ಅನುರಾಧಪುರಕ್ಕೆ ಹೋಗಲಿಕ್ಕೇ ಮೂರು ನಾಲ್ಕು ತಾಸು. ಬರಲಿಕ್ಕೆ ಅಷ್ಟೇ. ನಾಯಿಯನ್ನು ಕೂರಿಸಿಕೊಂಡು ಹೋಗಲು ಕಾರು ಬೇಕು. ಕಾರಿಗೆ ಕೊಡುವಷ್ಟು ನಮ್ಮಲ್ಲಿರಲಿಲ್ಲ. ಅಷ್ಟು ದೂರ ಬಂದು, ಗಿಡದ ದಿಕ್ಕಿಗೆ ಮುಖ ಮಾಡಿ ನಾಯಿ ಕಾಯುತ್ತ ಕೂರುವುದೇ ನಮ್ಮ ಹಣೆಬರಹವೆನ್ನಿಸಿ ನನಗೆ ಅಳುವೇ ಬಂತು. ಒಂದು ಹಾಳೆ ಓದದೆ ಬಂದ ನನ್ನನ್ನು ನಾನೇ ಬೈದುಕೊಂಡೆ. ಅವ್ವ ಮಾತ್ರ, "ಇರ್ಲಿ ಬಿಡು, ಇಷ್ಟು ಸಮೀಪ ಬಂದೀವಲ್ಲ, ಗಾಳಿಯಾರ ಬರ್ತೈತಿ" ಎಂದಳು. ಅವಳ ಆ ಸಮಾಧಾನ ನನಗೆ ಬೈಗುಳಕ್ಕಿಂತ ಜೋರಾಗಿ ನಾಟಿತು.

ಕುಸುಮಾ

ಕೆಳಗಿನ ತಿರುವಿನಲ್ಲಿ ಕುಸುಮಾಳ ಮನೆ. ಬಹಳ ವರ್ಷ ಕುವೈತಿನಲ್ಲಿ ಮನೆಗೆಲಸ ಮಾಡಿ ಬಂದವಳು. ಅಲ್ಲಿ ನಮ್ಮ ದೇಶದ ಹೆಂಗಸರ ಜೊತೆ ಇದ್ದು ಹರಕುಮುರುಕು ಹಿಂದಿ ಕಲಿತಿದ್ದಳು. ಅವ್ವನಿಗೆ ಹೊಸಪೇಟೆ ಸಂತೆಯ ಹಿಂದಿ ಬರುತ್ತಿತ್ತು. ಎರಡು ಹರಕು ಸೇರಿ ಒಂದು ಒಳ್ಳೆಯ ದುಪ್ಪಟಿಯಾಯಿತು. ಅಲ್ಲಿಯ ಮಾತಿನಲ್ಲೂ ಅಕ್ಕ ಎಂದರೆ ಅಕ್ಕನೇ, ಅಮ್ಮ ಎಂದರೆ ಅಮ್ಮನೇ. ನನ್ನ ಹೆಸರು ಸುಜಾತ ಎಂದು ಕೇಳಿ ಕುಸುಮಾ ಕೈಮುಗಿದುಬಿಟ್ಟಳು. ಬುದ್ಧನಿಗೆ ಪಾಯಸ ಕೊಟ್ಟವಳ ಹೆಸರು ಅದು. ಪಾಯಸ ಮಾಡಲು ನನಗೆ ಬರುವುದಿಲ್ಲವೆಂದು ಅವ್ವ ಕೂಡಲೇ ತಿಳಿಸಿದಳು.

ಜೂನ್ ಹುಣ್ಣಿಮೆಗೆ ಊರವರೆಲ್ಲ ಸೇರಿ ಬಸ್ಸು ಮಾಡಿಕೊಂಡು ಅನುರಾಧಪುರಕ್ಕೆ ಹೋಗುತ್ತಾರೆ, ನಸುಕಿನಲ್ಲಿ ಹೊರಟರೆ ಸಂಜೆಗೆ ವಾಪಸ್ಸು ಎಂದು ಅವಳೇ ಹೇಳಿದ್ದು. ಬಸ್ಸಿಗೆ ಊರ ವಿಹಾರದ ದುಡ್ಡು. ಒಂದು ಸೀಟು ಇದೆ.

ಒಂದೇ ಸೀಟು. ಇದ್ದದ್ದು ಒಂದೇ ನಾಯಿ. ತಕ್ಕಡಿ ಸರಿಹೋಯಿತು ಎಂದುಕೊಂಡೆ ನಾನು. ಅವ್ವ ಹೋಗಲಿ, ನಾನು ಸುದುವಿನ ಜೊತೆ ಇರುತ್ತೇನೆ. ಅವ್ವ ಮೂರು ದಿನ ಒಪ್ಪಲಿಲ್ಲ. "ಓದಾಕ ಬರಂಗಿಲ್ಲ, ಮಾತು ಬರಂಗಿಲ್ಲ. ಕಳದ್ರ ನನ್ನ ಯಾರಂತ ಹುಡುಕ್ತಿ? ನೀನ ಹೋಗು." ನಾನು ಜಗಳವಾಡಿದೆ. ಕೊನೆಗೆ, ನೀನು ಹೋಗದಿದ್ದರೆ ನಾಳೆಯೇ ಟಿಕೇಟು ಬದಲಿಸಿ ಊರಿಗೆ ನಡೆಯೋಣ ಎಂದೆ. ಟಿಕೇಟು ಬದಲಿಸಲು ಎಷ್ಟಾಗುತ್ತದೆ ಎಂದು ಕೇಳಿದಳು. ಹೇಳಿದೆ. ಅಷ್ಟಕ್ಕೆ ಹೋಗುತ್ತೇನೆ ಎಂದಳು.

ಹುಣ್ಣಿಮೆಯ ಹಿಂದಿನ ದಿನ

ಹೆಲ್ಗಾಳ ಮುಂಬಾಗಿಲು ಎಳೆದುಕೊಂಡರೆ ತಾನೇ ಬೀಗ ಬೀಳುವಂಥದ್ದು. ಅದಕ್ಕೇ ಕೀಲಿಕೈ ಗೊಂಚಲು ಯಾವಾಗಲೂ ಅವ್ವನ ಸೊಂಟದಲ್ಲಿ. ಅಂದು ಮಧ್ಯಾಹ್ನ ಅವ್ವ ಅಂಗಳದಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ನಾನು ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಹೊರಬಂದೆ. ಗಾಳಿಗೆ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ಕೀಲಿಕೈ ಅವ್ವನ ಹತ್ತಿರವಿದೆಯಲ್ಲ ಎಂದು ತಿರುಗಿಯೂ ನೋಡಲಿಲ್ಲ.

ಮನೆ ಹಿಂದೆ ಬಟ್ಟೆ ಹರವುತ್ತಿದ್ದಾಗ ಅವ್ವ ಕೂಗಿದಳು. ಓಡಿಬಂದು ನೋಡಿದರೆ ಸುದು ಹುಲ್ಲಿನ ಮೇಲೆ ಬಿದ್ದು ಕಾಲು ಝಾಡಿಸುತ್ತಿದ್ದ. ಮೂರ್ಛೆ ಬಂದಾಗ ಮುಟ್ಟಬೇಡಿ, ಸುತ್ತಲಿನ ಸಾಮಾನು ಸರಿಸಿ ಸುಮ್ಮನಿರಿ ಎಂದು ಫ್ರಿಜ್ಜಿನ ಹಾಳೆಯಲ್ಲಿ ಬರೆದಿತ್ತು. ಅವ್ವನಿಗೆ ಅದನ್ನು ಓದಿ ಹೇಳಿಯೂ ಇದ್ದೆ. ಆದರೆ ಮೆಟ್ರಿಯಲ್ಲಿ ಯಾರಿಗಾದರೂ ಮೂರ್ಛೆ ಬಂದರೆ ಮೊದಲು ಮಾಡುವ ಕೆಲಸ ಬೇರೆ. ಕೈಗೆ ಕಬ್ಬಿಣ ಹಿಡಿಸುತ್ತಾರೆ. ಅವ್ವ ಸೊಂಟದ ಗೊಂಚಲು ಕಿತ್ತು ಸುದುವಿನ ಮುಂಗಾಲುಗಳ ನಡುವೆ ಇಟ್ಟು, ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು.

ಎರಡು ನಿಮಿಷಕ್ಕೆ ನಿಂತಿತು. ಸುದು ಎದ್ದ, ಎತ್ತಲೋ ನೋಡಿದ, ನಾವು ಯಾರೆಂದು ತಿಳಿಯದವನಂತೆ ಗಿಡಗಳ ಕಡೆ ನಡೆದ. ಮೂರ್ಛೆಯ ಮೇಲೆ ಅವನು ಹೀಗೆ ಒಂದು ತಾಸು ಅಲೆಯುತ್ತಾನೆಂದು ಹಾಳೆಯಲ್ಲೇ ಇತ್ತು. ಅವ್ವ ನೀರಿಗೆ ಓಡಿದಳು. ನಾನು ಅವನ ಹಿಂದೆ ಓಡಿದೆ, ನಡುವೆ ಮರಗಳ ಮರೆಯಲ್ಲಿ ಎರಡು ಸಲ ಅವನು ಕಣ್ತಪ್ಪಿದ. ಎಲ್ಲ ತಣ್ಣಗಾಗಿ, ಅವನು ಜಗುಲಿಯಲ್ಲಿ ಮಲಗಿದ ಮೇಲೆ ಒಳಗೆ ಹೋಗಲು ನೋಡಿದರೆ ಕೀಲಿಕೈ ಇಲ್ಲ.

ಹುಲ್ಲನ್ನು ಬೆರಳಿಂದ ಬಾಚಿದೆವು. ಸೊಪ್ಪಿನ ಬುಟ್ಟಿ ಸುರಿದೆವು. ಇಳಿಜಾರಿನಲ್ಲಿ ಮೊಣಕಾಲೂರಿ ಹುಡುಕಿದೆವು. ಒಳಗೆ ನನ್ನ ಫೋನು, ನಮ್ಮ ಪಾಸ್‌ಪೋರ್ಟು, ದುಡ್ಡಿನ ಪರ್ಸು, ಅವ್ವನ ಬಿಳಿ ಸೀರೆ. ಅಡುಗೆಮನೆಯ ಗೋಡೆಯ ಮೊಳೆಗೆ ತೂಗುಹಾಕಿದ ಬಟ್ಟೆಚೀಲದಲ್ಲಿ ಸುದುವಿನ ಮಾತ್ರೆ. ಕಿಟಕಿಯ ಸರಳುಗಳ ಆಚೆ ಅದು ಚೆನ್ನಾಗಿ ಕಾಣುತ್ತಿತ್ತು. ಆಗ ಐದೂವರೆ ಇರಬೇಕು.

ನನಗೆ ತಡೆಯಲಾಗಲಿಲ್ಲ. "ದೀಕ್ಷಾ ತಗೊಂಡು ಇಷ್ಟು ವರ್ಷ ಆತು. ಇನ್ನೂ ಮೂರ್ಚಿ ಬಂದ್ರ ಕಬ್ಬಿಣ ಹಿಡಸ್ತಿಯಲ್ಲವ್ವ! ಮೂಢನಂಬಿಕಿ ಬ್ಯಾಡಂತ ಓಣಿಗೆಲ್ಲ ಹೇಳಾಕಿ ನೀನ" ಎಂದು ಕೂಗಾಡಿದೆ.

ಅವ್ವ ತಲೆ ಎತ್ತಲಿಲ್ಲ. "ದೇವ್ರನ್ನ ಬಿಡು ಅಂದ್ರು, ಬಿಟ್ಟೆ. ಕಬ್ಬಿಣ ಬಿಡು ಅಂತ ಯಾರೂ ಹೇಳಿರ್ಲಿಲ್ಲ" ಎಂದಳು ಸಣ್ಣ ದನಿಯಲ್ಲಿ.

ನಗು ಬರಬೇಕಿತ್ತು. ಬರಲಿಲ್ಲ. ಕೆಳಗೆ ಓಡಿ ಕುಸುಮಾಳನ್ನು ಕರೆತಂದೆ. ಅವಳು ಹಲಸಿನ ಕಾಯಿ ಇಳಿಸುವ ಗಳವನ್ನು ಹೊತ್ತು ತಂದಳು. ತುದಿಗೆ ಕೊಕ್ಕೆ ಕಟ್ಟಿದ ಉದ್ದನೆಯ ಬಿದಿರು. ಸರಳಿನ ಸಂದಿಯಲ್ಲಿ ತೂರಿಸಿ ನಾನು ಯತ್ನಿಸಿದೆ, ಒಂದು ಗಾಜಿನ ಲೋಟ ಒಡೆಯಿತು. ಕುಸುಮಾ ಯತ್ನಿಸಿದಳು, ಗೋಡೆಯ ಕ್ಯಾಲೆಂಡರು ಬಿತ್ತು. ಅವ್ವ ಇಬ್ಬರನ್ನೂ ಸರಿಸಿ ಗಳ ಕೈಗೆ ತೆಗೆದುಕೊಂಡಳು. ಚೋರನೂರಿನ ಅಕ್ಕನ ಹೊಲದಂಚಿನ ಹುಣಸೆಮರಗಳನ್ನು ಎಷ್ಟೋ ವರ್ಷ ಬಡಿದ ಕೈ ಅದು. ಉಸಿರು ಹಿಡಿದು ಕೊಕ್ಕೆಯನ್ನು ಚೀಲದ ದಾರಕ್ಕೆ ಸಿಕ್ಕಿಸಿ, ಕೂಸನ್ನು ತೊಟ್ಟಿಲಿನಿಂದ ಎತ್ತುವಷ್ಟು ಮೆಲ್ಲಗೆ ಹೊರಗೆಳೆದಳು. ಸುದು ಮಾತ್ರೆ ನುಂಗಿದಾಗ ಕುಸುಮಾಳ ಫೋನಿನಲ್ಲಿ ಏಳಕ್ಕೆ ಇನ್ನೂ ಐದು ನಿಮಿಷವಿತ್ತು.

ಅದೇ ಫೋನಿನಿಂದ ಹೆಲ್ಗಾಳಿಗೆ ತಿಳಿಸಿದೆ. ಕೀಲಿಕೈ ಕಳೆದದ್ದು, ಲೋಟ ಒಡೆದದ್ದು, ಕಬ್ಬಿಣದ ಕಥೆ, ಒಂದನ್ನೂ ಮುಚ್ಚಿಡಲಿಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ, "ಮಾತ್ರೆ ಕೊಟ್ಟಿರಾ?" ಕೊಟ್ಟೆವು ಎಂದೆ. "ಹಾಗಾದರೆ ಬಾಗಿಲು ಎಲ್ಲಿಗೂ ಓಡಿಹೋಗುವುದಿಲ್ಲ. ಹುಣ್ಣಿಮೆಯ ರಜೆ ಮುಗಿದ ಮೇಲೆ ಬೀಗದವನನ್ನು ಕಳಿಸುತ್ತೇನೆ" ಎಂದಳು. ನನ್ನ ಎದೆಯ ಮೇಲಿನಿಂದ ತುಂಬಿದ ಲಾರಿಯೊಂದು ಇಳಿದು ಹೋಯಿತು.

ಆದರೆ ಅವ್ವ ಹಟ ಹಿಡಿದಳು. "ನಾ ಹೋಗಂಗಿಲ್ಲ. ಸೀರಿ ಒಳಗೈತಿ, ರೊಕ್ಕ ಒಳಗೈತಿ. ತಪ್ಪು ನಂದು. ಬರಬ್ಯಾಡ ಅಂದಾನ ಬುದ್ಧ."

"ಬುದ್ಧ ಯಾರಿಗೂ ಬರಬ್ಯಾಡ ಅನ್ನಂಗಿಲ್ಲ ಅಂತ ನೀನ ಹೇಳ್ತಿದ್ದಿ."

ನಮ್ಮ ಜಗಳದ ಮಾತು ತಿಳಿಯದಿದ್ದರೂ ಕುಸುಮಾ ಅದರ ವಿಷಯ ತಿಳಿದವಳಂತೆ ಮನೆಗೆ ಹೋಗಿ ತನ್ನ ಬಿಳಿ ಬಟ್ಟೆ ತಂದಳು. ಸೊಂಟಕ್ಕೆ ಸುತ್ತುವ ಉದ್ದನೆಯ ಬಿಳಿ ಬಟ್ಟೆ, ಮೇಲೆ ಬಿಳಿ ರವಿಕೆ. ಮದುವೆಯಾದಾಗಿನಿಂದ ಸೀರೆ ಬಿಟ್ಟು ಬೇರೇನನ್ನೂ ಉಡದ ಅವ್ವ ಅದನ್ನು ಮೈಗೆ ಹಿಡಿದು ನೋಡಿದಳು. "ಸೆರಗ ಇಲ್ಲಲ್ಲೇ. ಕೈ ಎಲ್ಲಿಡ್ಲಿ?" ಎಂದಳು. ಆ ಪ್ರಶ್ನೆ ಬಂದ ಮೇಲೆ ಅವಳು ಹೋಗುತ್ತಾಳೆಂದು ನನಗೆ ಖಾತ್ರಿಯಾಯಿತು.

ಹುಣ್ಣಿಮೆ

ಆ ರಾತ್ರಿ ನಾವು ಮೂವರೂ, ಅಂದರೆ ನಾಯಿಯೂ ಸೇರಿ, ಕುಸುಮಾಳ ಮನೆಯಲ್ಲಿ ಮಲಗಿದೆವು. ನಸುಕಿನಲ್ಲಿ ಬಸ್ಸು ಹೊರಟಿತು. ಹೊಸಪೇಟೆಯ ಹುಲಿಗೆಮ್ಮ ಪರರ ಬಟ್ಟೆಯುಟ್ಟು, ಕೈಯಲ್ಲಿ ಬಿಡಿಗಾಸಿಲ್ಲದೆ, ಕಿಟಕಿಯಿಂದ ನನ್ನನ್ನು ನೋಡುತ್ತ ಹೋದಳು.

ಊರು ಮುಕ್ಕಾಲು ಖಾಲಿ. ಕುಸುಮಾಳ ಜೊತೆ ಅವಳ ಫೋನೂ ಹೋಗಿತ್ತು. ಅವಳು ಇಟ್ಟುಹೋಗಿದ್ದ ಹಾಲನ್ನ ತಿಂದು ಸುದುವಿನ ಜೊತೆ ಮೇಲಿನ ಅಂಗಳಕ್ಕೆ ಬಂದೆ. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಯಾರದೋ ಮನೆಯ ರೇಡಿಯೊ ಅನುರಾಧಪುರದ ಸದ್ದು ತಂದಿತು. ಪಠಣ, ನಡುನಡುವೆ ಹೆಸರುಗಳು. ದಾರಿಯಲ್ಲಿ ಹೋಗುತ್ತಿದ್ದ ತ್ರೀವೀಲರಿನವನನ್ನು ಏನದು ಎಂದು ಕೇಳಿದೆ. ಜಾತ್ರೆಯಲ್ಲಿ ತಪ್ಪಿಸಿಕೊಂಡವರ ಹೆಸರು ಕೂಗುತ್ತಿದ್ದಾರೆ ಎಂದ. ಅವ್ವ ತಪ್ಪಿಸಿಕೊಂಡರೆ ಅವಳ ಹೆಸರನ್ನು ಯಾರು ಕೂಗಬೇಕು, ಕೂಗಿದರೂ ಅವಳಿಗೆ ತಿಳಿಯುವುದೇ? ಹಟ ಹಿಡಿದು ಕಳಿಸಿದವಳು ನಾನು. ರೇಡಿಯೊದ ಪ್ರತಿ ಹೆಸರಿಗೂ ಕಿವಿಗೊಟ್ಟು ಕೂತೆ.

ಮಳೆ ಬಂದು ನಿಂತಿತು. ಸುದು ಎದ್ದು ಹಲಸಿನ ಮರದ ಹಿಂದೆ ಹೋಗಿ ನೆಲ ಕೆರೆಯತೊಡಗಿದ. ಹಸಿಮಣ್ಣಿನೊಳಗಿಂದ ಏನೋ ಬೆಳ್ಳಗೆ ಹೊರಬಂತು. ಹತ್ತಿರ ಹೋಗಿ ನೋಡಿದೆ. ರೊಟ್ಟಿ.

ಮೊದಲ ರೊಟ್ಟಿ ನಾಯಿಗೆ ಎನ್ನುವುದು ನಮ್ಮ ಮನೆಯ ಪದ್ಧತಿ. ಬಂದ ದಿನದಿಂದ ಅವ್ವ ಬೆಳಿಗ್ಗೆ ಹಂಚಿನಿಂದಿಳಿದ ಮೊದಲ ರೊಟ್ಟಿಯನ್ನು ಸುದುವಿಗೆ ಕೊಡುತ್ತಿದ್ದಳು. ಅವನು ಮೆಲ್ಲಗೆ ಬಾಯಲ್ಲಿ ಹಿಡಿದು ಮರದ ಹಿಂದೆ ಹೋಗುತ್ತಿದ್ದ. "ಮರ್ಯಾದಸ್ಥ ನಾಯಿ, ಎಲ್ಲಾರ ಮುಂದ ತಿನ್ನಂಗಿಲ್ಲ" ಎಂದು ಅವ್ವ ಹೆಮ್ಮೆಪಡುತ್ತಿದ್ದಳು. ಮರ್ಯಾದಸ್ಥ ಅಷ್ಟೂ ದಿನದ ರೊಟ್ಟಿಯನ್ನು ಒಂದೂ ತಿನ್ನದೆ, ಅವ್ವನ ಮನಸ್ಸೂ ನೋಯಿಸದೆ, ಸಾಲಾಗಿ ಹೂತಿಟ್ಟಿದ್ದ. ಕೊನೆಯ ರೊಟ್ಟಿಯ ಪಕ್ಕದಲ್ಲಿ, ಅವ್ವನ ಹಿಟ್ಟಿನ ಕೈ ವಾಸನೆ ಹಿಡಿದ ಇನ್ನೊಂದು ವಸ್ತುವೂ ಇತ್ತು. ಕೀಲಿಕೈ ಗೊಂಚಲು.

ನಕ್ಕೆ, ಅತ್ತೆ, ನಾಯಿಯನ್ನು ತಬ್ಬಿಕೊಂಡೆ. ಬಾಗಿಲು ತೆರೆದು ಒಡೆದ ಲೋಟ ಗುಡಿಸಿದೆ. ಕೈಗೆ ಬಿಳಿ ಸೀರೆ ಸಿಕ್ಕಿತು. ಕೀಲಿಕೈ ಸಿಕ್ಕಿತು, ಅವ್ವ?

ಏಳರ ಮಾತ್ರೆ ಕೊಟ್ಟು ಕೆಳಗೆ ಇಳಿದಾಗ ಬಸ್ಸು ಬಂತು. ಒಬ್ಬೊಬ್ಬರೇ ಇಳಿದರು. ಎಲ್ಲರೂ ಬಿಳಿ, ಯಾರು ಯಾರೆಂದು ತಿಳಿಯದು. ಕುಸುಮಾ ಇಳಿದಳು. ಅವಳ ಹಿಂದೆ ಅವ್ವ ಇರಲಿಲ್ಲ. ಕುಸುಮಾ ನಗುತ್ತ ಒಳಗೆ ಕೈ ತೋರಿಸಿದಳು. ಕೊನೆಯ ಸೀಟಿನಲ್ಲಿ ಅವ್ವ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಆ ಗೊರಕೆಗೆ ಚಿತ್ತವಾಡ್ಗಿಯಲ್ಲಿ ಎಷ್ಟು ಸಲ ಬೈದಿದ್ದೇನೋ. ಅಂದು ಕಿವಿ ತುಂಬ ಕೇಳಿದೆ.

ತಪ್ಪಿಸಿಕೊಂಡದ್ದಂತೂ ನಿಜ. ಸಾಲಿನಲ್ಲಿ ಕುಸುಮಾಳ ಕೈ ಬಿಟ್ಟುಹೋಗಿ ಎರಡು ತಾಸು ಅವ್ವ ಒಬ್ಬಳೇ ಇದ್ದಳು. ಅವತ್ತು ಅಲ್ಲಿ ದಾರಿಯುದ್ದಕ್ಕೂ ಚಪ್ಪರ ಹಾಕಿ ಬಂದವರಿಗೆಲ್ಲ ಊಟ ಹಾಕುತ್ತಾರೆ. ಮೂರು ಕಡೆ ಕೈಹಿಡಿದು ಕೂರಿಸಿ ಉಣಿಸಿದರಂತೆ, ಒಂದು ಕಡೆ ಐಸ್‌ಕ್ರೀಮ್ ಕೊಟ್ಟರಂತೆ. ಕುಸುಮಾ ಅಳುತ್ತ ಹುಡುಕಿಕೊಂಡು ಹೋದಾಗ ಅವ್ವ ಒಂದು ಚಪ್ಪರದ ಹಿಂದೆ ಹೆಂಗಸರ ಸಾಲಿನಲ್ಲಿ ಕೂತು ಕುಂಬಳಕಾಯಿ ಹೆಚ್ಚುತ್ತಿದ್ದಳಂತೆ.

"ಪುಕ್ಕಟೆ ಉಂಡಿದ್ದು ಮೈಗೆ ಹತ್ತಂಗಿಲ್ಲ" ಎಂದೆ ನಾನು.

"ಮತ್ತ!" ಎಂದಳು ಅವ್ವ.

ಮರ ಹೇಗಿತ್ತು ಎಂದು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುದುವಿನ ತಲೆ ಸವರಿದಳು. "ಗಿಡ ಭಾಳ ದೊಡ್ಡದಲ್ಲ ಸುಜಿ. ಮುಪ್ಪಾಗೈತಿ. ಟೊಂಗಿಗೆ ಬಂಗಾರದ ಕೋಲು ಕೊಟ್ಟು ನಿಲ್ಸ್ಯಾರ." ಆಮೇಲೆ ಹೇಳಿದಳು, "ಅಷ್ಟು ಮಂದ್ಯಾಗ ತಿರುಗಿದೆ. ಕೈ ಹಿಡಿದ್ರು, ಬಾಜೂಕ ಕುಂದ್ರಿಸಿಕೊಂಡ್ರು, ಎಲಿಗೆ ಬಡಿಸಿದ್ರು. ಯಾರ ಪೈಕಿ ಅಂತ ಒಬ್ರೂ ಕೇಳ್ಲಿಲ್ಲ."

"ಕೇಳಿದ್ರೂ ನಿಂಗ ಆ ಭಾಷಿ ಎಲ್ಲಿ ತಿಳೀತಿತ್ತವ್ವ?"

"ಮಾತು ತಿಳಿಯಂಗಿಲ್ಲ. ಅದನ್ನ ಕೇಳೋ ಮುಖ ನಂಗ ತಿಳಿಯಂಗಿಲ್ಲೇನು? ಅರವತ್ತು ವರ್ಷ ನೋಡೀನಿ. ಅಂಥಾ ಮುಖ ಒಂದೂ ಇರಲಿಲ್ಲ" ಎಂದಳು.

ಬೀಗದ ಕೈ ಸಿಕ್ಕಿದೆ, ಬಿಳಿ ಸೀರೆಯುಟ್ಟು ಇನ್ನೊಮ್ಮೆ ಹೋಗಿಬರುತ್ತೀಯಾ ಎಂದು ಕೇಳಿದೆ. ಬೇಡವೆಂದಳು. ಮರುದಿನ ಆ ಸೀರೆಯನ್ನು ಕುಸುಮಾಳಿಗೆ ಕೊಟ್ಟಳು. ಕೀಲಿಕೈ ಎಲ್ಲಿ ಸಿಕ್ಕಿತೆಂದು ಅವ್ವ ಕೇಳಿದ್ದಕ್ಕೆ ಹುಲ್ಲಿನಲ್ಲಿ ಎಂದೆ. ಬೆಳಿಗ್ಗೆ ಅವಳು ಎಂದಿನಂತೆ ಮೊದಲ ರೊಟ್ಟಿ ಕೊಟ್ಟಳು. ಸುದು ನನ್ನ ಕಡೆ ಒಮ್ಮೆ ನೋಡಿ, ಬಾಯಲ್ಲಿ ಹಿಡಿದು ಮರದ ಹಿಂದೆ ಹೋದ. ನಾನು ಬಾಯಿಬಿಡಲಿಲ್ಲ.

ಹೊಸಪೇಟೆಗೆ

ಹೆಲ್ಗಾ ಹಿಂದಿರುಗಿ, ನಾಯಿ ಗಟ್ಟಿಯಾಗಿರುವುದನ್ನು ಕಂಡು, ನಾನು ಒಡೆದ ಲೋಟದ ಮಾತೆತ್ತಿದರೆ ಅದೇನು ದೊಡ್ಡದು ಎಂದು ಕೋಪಿಸಿಕೊಂಡಳು. ಬಳ್ಳಿಗೆ ಏರಿಸಿದ ಮಣ್ಣನ್ನು ನೋಡಿ ಅವ್ವನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಳು.

ಬೆಂಗಳೂರಿನಿಂದ ಹೊಸಪೇಟೆಯ ರೈಲು. ಬಳ್ಳಾರಿ ದಾಟಿ ಬೆಳಕಾದಾಗ ಕಿಟಕಿಯಾಚೆ ನಮ್ಮ ಬಂಡೆಗಳು, ನಮ್ಮ ಜಾಲಿ, ನಮ್ಮ ಧೂಳು. ಅಬ್ಬ, ಬಂದೆವು ಎಂದು ಕಾಲು ಚಾಚಿದೆ. ಎದುರು ಸೀಟಿನಲ್ಲಿ ರೇಷ್ಮೆ ಸೀರೆಯ ಹೆಂಗಸೊಬ್ಬಳು ಆಗತಾನೇ ಎದ್ದು ಕೂತಿದ್ದಳು. ಅವ್ವನನ್ನು ನೋಡಿ ಮಾತಿಗೆಳೆದಳು.

"ಎಲ್ಲಿಗೆ ಹೋಗಿದ್ರಿ?"

"ಲಂಕಾಕ್ಕ ಹೋಗಿದ್ವಿರಿ."

"ಹೌದ! ಯಾವೂರು ನಿಮ್ದು?"

"ಹೊಸಪೇಟಿರಿ, ಚಿತ್ತವಾಡ್ಗಿ."

"ಯಾರ ಪೈಕಿ ಆತ್ರಿ?"

ನನ್ನ ಕಾಲು ತಾನೇ ಮಡಚಿಕೊಂಡಿತು. ಬಾಯಿಗೆ ಬಂದ ಉತ್ತರ ಒಳ್ಳೆಯದಿರಲಿಲ್ಲ. ಅಷ್ಟರಲ್ಲಿ ಅವ್ವ, ದನಿ ಒಂದಿಷ್ಟೂ ಇಳಿಸದೆ, ಬುತ್ತಿಯ ಗಂಟು ಬಿಚ್ಚುತ್ತ ಹೇಳಿದಳು:

"ನಾಯಿ ಕಾಯೋರ ಪೈಕಿರಿ. ರೊಟ್ಟಿ ತಗೋರಿ."